ಕಣ್ಣು ಮುಚ್ಚಿದ್ದಕ್ಕೋ, ಹಾಡು ಕೇಳಿದ್ದಕ್ಕೋ?



ಈ ಮಾತು ನಿಮ್ಮ ಕಿವಿಗೆ ಬೀಳುತ್ತಿರುವ ಹೊತ್ತಿಗೇ ನಿಮ್ಮ ನೆತ್ತಿಯ ಚರ್ಮದ ಮೇಲೆ ಒಂದು ಸಣ್ಣ ವಿದ್ಯುತ್ತು ಏರುತ್ತ ಇಳಿಯುತ್ತ ಇದೆ. ಟಾರ್ಚಿಗೆ ಹಾಕುವ ಒಂದೂವರೆ ವೋಲ್ಟಿನ ಸೆಲ್ ಇದೆಯಲ್ಲ, ಆ ವೋಲ್ಟನ್ನು 30,000 ಪಾಲು ಮಾಡಿ ಒಂದು ಪಾಲು ತೆಗೆದರೆ ಎಷ್ಟಾಗುತ್ತದೋ ಸುಮಾರಾಗಿ ಅಷ್ಟು. ಅನಂತಪುರ ಸೀಮೆಯ ಗುಮ್ಮಘಟ್ಟ, ರಾಯದುರ್ಗದ ಕಡೆ ಕರೆಂಟು ಅಂದಕೂಡಲೇ ನೆನಪಾಗುವುದು ಬೋರಿನ ಮೋಟರು. ತಲೆಯ ಮೇಲಿನ ಈ ಪುಡಿ ಕರೆಂಟಿನ ಚಿಂತೆ ಯಾರಿಗೆ ಬೇಕು ಎಂದು ನೀವು ಕೇಳಬಹುದು. ಆದರೆ ಈಗ ಅದರ ಹೆಸರಿನಲ್ಲಿ ವ್ಯಾಪಾರ ನಡೆಯುತ್ತಿದೆ. ಮೊಬೈಲು ತೆಗೆದರೆ ಸಾಕು, ಈ ರಾಗ ಕೇಳಿ ಬಿಪಿ ಇಳಿಸಿಕೊಳ್ಳಿ, ಈ ತರಂಗ ಕೇಳಿ ನಿದ್ದೆ ಮಾಡಿ, ಇದು ಮೆದುಳಿನ ಪರೀಕ್ಷೆಯಿಂದ ಸಾಬೀತಾಗಿದೆ ಎಂದು ಯಾರೋ ಹೇಳುತ್ತಿರುತ್ತಾರೆ. ಸಾಬೀತು ಅನ್ನುವ ಮಾತು ಬಂದ ಮೇಲೆ ಸಾಕ್ಷಿಯನ್ನು ಕಟಕಟೆಗೆ ಕರೆಯಲೇಬೇಕಲ್ಲ. ಇವತ್ತು ಆ ಸಾಕ್ಷಿಯನ್ನು ಸ್ವಲ್ಪ ವಿಚಾರಿಸೋಣ.

ತಲೆಯ ಮೇಲೆ ಪುಟ್ಟ ಲೋಹದ ಬಿಲ್ಲೆಗಳನ್ನು ಅಂಟಿಸಿ ಮೆದುಳಿನ ವಿದ್ಯುತ್ತನ್ನು ಗೀಟು ಗೀಟಾಗಿ ಬರೆಸುವ ಪರೀಕ್ಷೆಗೆ ಇಇಜಿ ಎನ್ನುತ್ತಾರೆ. ಮೂರ್ಛೆರೋಗದವರನ್ನು ಬಳ್ಳಾರಿಗೋ ಬೆಂಗಳೂರಿಗೋ ಕರೆದುಕೊಂಡು ಹೋದವರಿಗೆ ಈ ಹೆಸರು ಗೊತ್ತಿರುತ್ತದೆ. ಇದರ ಹುಟ್ಟಿನ ಕತೆ ಸ್ವಾರಸ್ಯವಾಗಿದೆ. ಹಾನ್ಸ್ ಬರ್ಗರ್ ಎಂಬ ಜರ್ಮನ್ ಯುವಕ ಸೈನ್ಯದಲ್ಲಿದ್ದಾಗ ಒಂದು ದಿನ ಕುದುರೆಯಿಂದ ಉರುಳಿ, ಫಿರಂಗಿ ಎಳೆದು ತರುತ್ತಿದ್ದ ಗಾಡಿಯ ದಾರಿಗೇ ಬಿದ್ದ. ಕೂದಲೆಳೆಯಲ್ಲಿ ಬದುಕಿದ. ಅವತ್ತೇ ಊರಿನಿಂದ ಅಪ್ಪನ ತಂತಿ ಬಂತು, ಕ್ಷೇಮವೇ ಎಂದು. ತಮ್ಮನಿಗೆ ಏನೋ ಕೇಡಾಗಿದೆ ಎಂದು ಅವನಕ್ಕನಿಗೆ ಅನ್ನಿಸಿ, ಅವಳೇ ಹಟ ಹಿಡಿದು ಆ ತಂತಿ ಕಳಿಸಿದ್ದಳಂತೆ. ಮನಸ್ಸಿನಿಂದ ಮನಸ್ಸಿಗೆ ಏನೋ ಹರಿಯುತ್ತದೆ, ಅದನ್ನು ಅಳೆದೇ ತೀರಬೇಕು ಎಂಬ ಹುಚ್ಚು ಅವನಿಗೆ ಅಂಟಿಕೊಂಡಿತು. ಮುಂದೆ ಯೇನಾ ಎಂಬ ಊರಿನಲ್ಲಿ ಮನೋವೈದ್ಯನಾಗಿ ವರ್ಷಗಟ್ಟಲೆ ಗುಟ್ಟಾಗಿ ಪ್ರಯೋಗ ಮಾಡಿದ. 1924ರ ಜುಲೈ 6ರಂದು, ತಲೆಬುರುಡೆಯ ಶಸ್ತ್ರಚಿಕಿತ್ಸೆಯಾಗಿದ್ದ 17 ವರ್ಷದ ಒಬ್ಬ ಹುಡುಗನಲ್ಲಿ ಮೊದಲ ಸಲ ಮನುಷ್ಯನ ಮೆದುಳಿನ ವಿದ್ಯುತ್ತು ಅವನ ಕೈಗೆ ಸಿಕ್ಕಿತು. ನಂಬಿಕೆ ಬರಲಿಲ್ಲವೋ ಏನೋ, ಪ್ರಕಟಿಸಲು ಐದು ವರ್ಷ ತೆಗೆದುಕೊಂಡ. 1929ರಲ್ಲಿ ಪ್ರಕಟಿಸಿದಾಗ ನಂಬದವರೇ ಬಹಳ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್, ಅಷ್ಟರಲ್ಲಾಗಲೇ ನೊಬೆಲ್ ಪಡೆದಿದ್ದವರು, ತಮ್ಮ ತಲೆಗೇ ತಂತಿ ಕಟ್ಟಿಕೊಂಡು ಬರ್ಗರ್ ಹೇಳಿದ್ದು ನಿಜವೆಂದು ತೋರಿಸಿದ ಮೇಲೆ ಲೋಕ ಒಪ್ಪಿತು. ಅಕ್ಕನಿಂದ ತಮ್ಮನಿಗೆ ಹರಿಯುವ ಮನಶ್ಶಕ್ತಿ ಮಾತ್ರ ಬರ್ಗರನಿಗೆ ಕೊನೆವರೆಗೂ ಸಿಗಲಿಲ್ಲ. ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು.

ರೇಡಿಯೋದಲ್ಲಿ ಮಾತಾಡುವಾಗ ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಬಾರದು. ಅದೇ 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಲಂಡನ್ನಿನಲ್ಲಿ ಓದಿ ಬಂದಿದ್ದ ಎಂ.ವಿ. ಗೋಪಾಲಸ್ವಾಮಿಯವರು ಅದನ್ನು ಕಟ್ಟಿದರು. ಹನ್ನೊಂದು ವರ್ಷದ ಮೇಲೆ, 1935ರಲ್ಲಿ, ಅದೇ ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಸಣ್ಣ ಪ್ರಸಾರಯಂತ್ರ ಇಟ್ಟು ಬಾನುಲಿ ಕೇಂದ್ರವೊಂದನ್ನು ನಡೆಸತೊಡಗಿದರು. ಅದರ ಹೆಸರು ಆಕಾಶವಾಣಿ. ಮನಸ್ಸನ್ನು ಅಳೆಯುವ ಮೇಷ್ಟ್ರೇ ಕನ್ನಡದ ಮನೆಮನೆಗೂ ಹಾಡು ಕಳಿಸುವ ದಾರಿ ತೆರೆದರು ಅನ್ನುವುದು ನನಗೆ ಬಹಳ ಪ್ರಿಯವಾದ ವಿಷಯ. ಹಾಡೂ ಮನಶ್ಶಾಸ್ತ್ರವೂ ನಮ್ಮಲ್ಲಿ ಒಂದೇ ಸೂರಿನ ಕೆಳಗೆ ಹಿಂದೆಯೇ ಕೂತಿದ್ದವು.

ಈಗ ಸಾಕ್ಷಿಯ ಮಾತಿಗೆ ಬರೋಣ. ಇಇಜಿಯ ಗೀಟುಗಳಲ್ಲಿ ಬೇರೆ ಬೇರೆ ವೇಗದ ಅಲೆಗಳು ಕಲೆತಿರುತ್ತವೆ. ಗಾಢ ನಿದ್ದೆಯಲ್ಲಿ ಸೆಕೆಂಡಿಗೆ ನಾಲ್ಕಕ್ಕಿಂತ ಕಡಿಮೆ ಸಲ ಏರಿಳಿಯುವ ನಿಧಾನದ ದೊಡ್ಡ ಅಲೆ, ಅದು ಡೆಲ್ಟಾ. ನಾಲ್ಕರಿಂದ ಎಂಟು ಸಲದ್ದು ಥೀಟಾ. ಎಂಟರಿಂದ ಹದಿಮೂರು ಸಲ ಏರಿಳಿಯುವುದು ಆಲ್ಫಾ. ಬರ್ಗರ್ ಮೊದಲು ಗುರುತಿಸಿ ಹೆಸರಿಟ್ಟದ್ದು ಇದಕ್ಕೇ. ಅದಕ್ಕಿಂತ ಚುರುಕಾದದ್ದು ಬೀಟಾ, ಅದರಾಚೆ ಗಾಮಾ. ಸಂಗೀತ ಮತ್ತು ವಿಶ್ರಾಂತಿಯ ವಿಚಾರದಲ್ಲಿ ಎಲ್ಲರ ಕಣ್ಣೂ ಆಲ್ಫಾ ಮೇಲೆ. ಮನುಷ್ಯ ಎಚ್ಚರವಾಗಿದ್ದು ಸಡಿಲವಾಗಿ ಕೂತಾಗ ತಲೆಯ ಹಿಂಬದಿಯಲ್ಲಿ ಆಲ್ಫಾ ಚೆನ್ನಾಗಿ ಏಳುತ್ತದೆ. ಒಂದು ಲೆಕ್ಕ ಕೊಟ್ಟು ಮನಸ್ಸಿನಲ್ಲೇ ಮಾಡು ಅಂದರೆ ತಗ್ಗುತ್ತದೆ. ಹಾಗಾದರೆ ಹಾಡು ಹಾಕಿದಾಗ ಆಲ್ಫಾ ಎದ್ದರೆ ಮನಸ್ಸು ಸಡಿಲವಾಯಿತು ಎಂದಲ್ಲವೇ ಅರ್ಥ? ಇಲ್ಲೇ ಇರುವುದು ತೊಡಕು.

ಆಲ್ಫಾ ಏಳುವುದಕ್ಕೆ ಹಾಡೇ ಬೇಕಿಲ್ಲ, ಕಣ್ಣು ಮುಚ್ಚಿದರೆ ಸಾಕು. ಮುಚ್ಚಿದ ಕೆಲವೇ ಕ್ಷಣಗಳಲ್ಲಿ ಅದು ಏಳುತ್ತದೆ, ತೆರೆದ ಕೂಡಲೇ ಅಡಗುತ್ತದೆ. ಇದನ್ನೂ ಬರ್ಗರನೇ ಗಮನಿಸಿದ್ದ. ಈಗ ಯೋಚಿಸಿ: ಒಬ್ಬರನ್ನು ತಂಪಾದ ಕೋಣೆಯಲ್ಲಿ ಒರಗುವ ಕುರ್ಚಿಯ ಮೇಲೆ ಕೂಡಿಸಿ, ಕಣ್ಣು ಮುಚ್ಚಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಕೊಳಲಿನ ರಾಗ ಕೇಳಿಸಿ, ನೋಡಿ ಆಲ್ಫಾ ಎದ್ದಿತು ಅಂದರೆ, ಎದ್ದದ್ದು ಕೊಳಲಿಗೋ, ಕಣ್ಣು ಮುಚ್ಚಿದ್ದಕ್ಕೋ, ಬಿಸಿಲಿನಿಂದ ಬಂದು ತಂಪಿನಲ್ಲಿ ಕೂತದ್ದಕ್ಕೋ? ಹಾಡಿಲ್ಲದೆ ಅದೇ ಕುರ್ಚಿಯಲ್ಲಿ ಅಷ್ಟೇ ಹೊತ್ತು ಕಣ್ಣು ಮುಚ್ಚಿ ಕೂತ ಇನ್ನೊಂದು ಗುಂಪು ಇದ್ದರೆ ಮಾತ್ರ ಉತ್ತರ ಸಿಗುತ್ತದೆ. ಜೊತೆಗೆ ತೂಕಡಿಕೆ ಬೇರೆ. ಊಟವಾದ ಮೇಲೆ ಕರೆದು ಕೂಡಿಸಿದರೆ ರಾಗ ಮುಗಿಯುವ ಮೊದಲೇ ಕೆಲವರ ಕತ್ತು ವಾಲುತ್ತದೆ. ಆಗ ಆಲ್ಫಾ ಇಳಿದು ಥೀಟಾ ಏರುತ್ತದೆ. ಅದನ್ನು ಧ್ಯಾನದ ಆಳ ಎಂದು ಓದುವವರೂ ಉಂಟು, ನಿದ್ದೆಯ ಬಾಗಿಲು ಎಂದು ಓದುವವರೂ ಉಂಟು. ಗೀಟು ಒಂದೇ.

ನನ್ನ ಮಟ್ಟಿಗೆ ಇಇಜಿಯ ಸಾಮರ್ಥ್ಯ ಇಷ್ಟು. ರಾತ್ರಿ ಹೊತ್ತು ಹೊಲದಲ್ಲಿ ನಿಂತರೆ ದೂರದ ಊರಿನ ಭಜನೆ ಗಾಳಿಯಲ್ಲಿ ತೇಲಿ ಬರುತ್ತದಲ್ಲ, ಹಾಗೆ. ಭಜನೆ ನಡೆಯುತ್ತಿದೆ ಎಂದು ಗೊತ್ತಾಗುತ್ತದೆ. ತಾಳ ನಿಧಾನವೋ ಚುರುಕೋ ಗೊತ್ತಾಗುತ್ತದೆ. ನಿಂತಿತು ಅಂದರೆ ನಿಂತ ಗಳಿಗೆಯೇ ಗೊತ್ತಾಗುತ್ತದೆ. ಯಾರು ಯಾವ ಸಾಲು ಹಾಡಿದರು, ಯಾರ ಕಣ್ಣಲ್ಲಿ ನೀರು ಬಂತು ಅನ್ನುವುದು ಗೊತ್ತಾಗುವುದಿಲ್ಲ. ಕಾಲದ ಲೆಕ್ಕದಲ್ಲಿ ಇಇಜಿ ಬಹಳ ಜಾಣ, ಸೆಕೆಂಡಿನ ಸಾವಿರದ ಒಂದು ಪಾಲನ್ನೂ ಹಿಡಿಯುತ್ತದೆ. ಜಾಗದ ಲೆಕ್ಕದಲ್ಲಿ ಮೊಂಡು. ತಲೆಬುರುಡೆ, ಚರ್ಮ, ಕೂದಲು ಎಲ್ಲವನ್ನೂ ದಾಟಿ ಬರುವಷ್ಟರಲ್ಲಿ ಲಕ್ಷಾಂತರ ನರಕೋಶಗಳ ಸದ್ದು ಒಂದಾಗಿ ಕಲೆತುಹೋಗಿರುತ್ತದೆ. ಅದರ ಮೇಲೆ ಕಣ್ಣೆವೆ ಬಡಿದರೆ ಮೆದುಳಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡ ಅಲೆ ಬರುತ್ತದೆ. ಹಲ್ಲು ಕಚ್ಚಿದರೆ ಇಡೀ ಕಾಗದ ಕಪ್ಪಾಗುತ್ತದೆ. ಗೋಡೆಯೊಳಗಿನ ವೈರಿನಲ್ಲಿ ಹರಿಯುವ 50 ಹರ್ಟ್ಸಿನ ಮನೆ ಕರೆಂಟೂ ಬಂದು ಸೇರುತ್ತದೆ. ಅದನ್ನು ಸೋಸಿ ತೆಗೆಯಬೇಕು. ಮೆದುಳು ಹೇಳಿತು ಎಂದು ಯಾರಾದರೂ ಹೇಳುವಾಗ ಎಷ್ಟು ಸೋಸಿದ ಮೇಲೆ ಹೇಳಿತು ಎಂದು ಕೇಳುವುದು ತಪ್ಪಲ್ಲ.

ಇಷ್ಟು ತಕರಾರು ಎತ್ತಿದೆ ಎಂದು ಸಂಗೀತದ ಪರಿಣಾಮವನ್ನು ಅಳೆಯುವ ಕೆಲಸವೆಲ್ಲ ಜೊಳ್ಳು ಎಂದು ತಿಳಿಯಬೇಡಿ. ಗಟ್ಟಿ ಕಾಳೂ ಇದೆ, ಅದೂ ನಮ್ಮ ಹತ್ತಿರದಲ್ಲೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಶಾಂತಲಾ ಹೆಗಡೆಯವರು ಸಂಗೀತ ಮತ್ತು ಮೆದುಳಿನ ಸಂಬಂಧಕ್ಕೆಂದೇ ಒಂದು ಪ್ರಯೋಗಾಲಯ ನಡೆಸುತ್ತಿದ್ದಾರೆ. ಅವರು ಸ್ವತಃ ಹಿಂದೂಸ್ತಾನಿ ಗಾಯಕಿ. ತಲೆಗೆ ಪೆಟ್ಟು ಬಿದ್ದು ಗಮನ, ನೆನಪು ಕುಂದಿದವರಿಗೆ ಸಂಗೀತವನ್ನು ಅಭ್ಯಾಸದ ಹಾಗೆ ಬಳಸುವುದು ಹೇಗೆ ಎಂಬುದು ಅವರ ಕೆಲಸದ ಒಂದು ಮುಖ್ಯ ಭಾಗ. ಅದೇ ಬೆಂಗಳೂರಿನ ರಾಮಯ್ಯ ವೈದ್ಯಕೀಯ ಕಾಲೇಜಿನಲ್ಲಿ ಡಾ. ಕೀರ್ತನಾ ಕುನಿಕುಳ್ಳಾಯ ಮತ್ತು ಸಂಗಡಿಗರು ಮಿಯಾಂ ಕಿ ತೋಡಿ, ಮಾಲಕೌಂಸ್, ಪೂರಿಯಾ ಎಂಬ ಮೂರು ರಾಗಗಳನ್ನು ಆರಿಸಿಕೊಂಡು, ಆರೋಗ್ಯವಂತ ಯುವಜನರನ್ನು ಚೀಟಿ ಎತ್ತಿದ ಹಾಗೆ ಗುಂಪುಗಳಾಗಿ ಹಂಚಿ, ರಾಗ ಕೇಳದ ಗುಂಪೊಂದನ್ನೂ ಜೊತೆಗಿಟ್ಟು, ಇಇಜಿಯನ್ನೂ ರಕ್ತದೊತ್ತಡವನ್ನೂ ಹೃದಯ ಬಡಿತದ ಏರುಪೇರನ್ನೂ ಅಳೆದರು. 2022ರಲ್ಲಿ ಅವರ ವರದಿಗಳು ಪ್ರಕಟವಾದವು. ಅಲೆಗಳು ಕೇಳುವ ಹೊತ್ತಿನುದ್ದಕ್ಕೂ ಹೇಗೆ ಬದಲಾಗುತ್ತ ಹೋಗುತ್ತವೆ, ನಿಂತ ಮೇಲೆ ಏನಾಗುತ್ತದೆ ಎಂದು ನೋಡಿದ್ದು ಅದರಲ್ಲಿ ನನಗೆ ಹಿಡಿಸಿದ ಅಂಶ. ನಾನು ಆಗಲೇ ಹೇಳಿದ ಹೋಲಿಕೆಯ ಗುಂಪು ಅಲ್ಲಿ ಇದೆ. ಕೆಲಸದ ಗಂಭೀರತೆ ತಿಳಿಯುವುದು ಅಂಥ ಕಡೆಯೇ.

ಆದರೆ ಈ ರಾಗ ಈ ರೋಗಕ್ಕೆ ಎನ್ನುವ ಪಟ್ಟಿ ಇದರಿಂದ ಹೊರಡುವುದಿಲ್ಲ. ಯಾಕೆಂದು ಹೇಳುತ್ತೇನೆ. ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರದ ನಂದಿನಿ ಸಿಂಗ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಹನ್ನೆರಡು ರಾಗಗಳನ್ನು ಕೇಳಿಸಿ, ನಿಮಗೆ ಏನನ್ನಿಸಿತು ಎಂದು ಕೇಳಿದರು. ಒಂದೊಂದು ರಾಗವನ್ನೂ ಎರಡು ಸಲ: ತಾಳವಿಲ್ಲದ ಆಲಾಪವಾಗಿ ಒಮ್ಮೆ, ತಾಳ ಕೂಡಿದ ಗತ್ ಆಗಿ ಇನ್ನೊಮ್ಮೆ. ಆಲಾಪದಲ್ಲಿ ಸಮಾಧಾನ ಕೊಟ್ಟ ರಾಗ ತಾಳ ಬಂದ ಮೇಲೆ ಖುಷಿ ಕೊಟ್ಟಿತು. ಆಲಾಪದಲ್ಲಿ ದುಃಖ ತಂದದ್ದು ತಾಳದಲ್ಲಿ ಉದ್ವೇಗ ತಂದಿತು. ರಾಗ ಅದೇ, ಸ್ವರಗಳು ಅವೇ. ಅಂದಮೇಲೆ ಗುಳಿಗೆಯ ಹಾಗೆ ರಾಗದ ಹೆಸರು ಬರೆದುಕೊಡುವುದು ಹೇಗೆ? ಅದೇ ಭೈರವಿಯನ್ನು ಒಬ್ಬರು ಹಾಡಿದರೆ ಮೈ ಮರೆಯುತ್ತೇವೆ, ಇನ್ನೊಬ್ಬರು ಹಾಡಿದರೆ ಎದ್ದು ಹೋಗುತ್ತೇವೆ. ಇದನ್ನು ಹೇಳಲು ಇಇಜಿ ಬೇಕಿಲ್ಲ.

ವೇಗದ ವಿಚಾರ ಮಾತ್ರ ಮತ್ತೆ ಮತ್ತೆ ನಿಜವಾಗಿ ಕಂಡುಬಂದಿದೆ. ಇಟಲಿಯ ಪಾವಿಯಾದ ಲುಚಿಯಾನೊ ಬರ್ನಾರ್ಡಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದರಲ್ಲಿ ಹೆಸರಾದದ್ದು. ಅವರು ನೋಡಿದ್ದು ಮೆದುಳಿನ ಅಲೆಯನ್ನಲ್ಲ. ಉಸಿರು, ಹೃದಯ, ರಕ್ತದೊತ್ತಡ, ಮೆದುಳಿಗೆ ಹರಿಯುವ ರಕ್ತದ ವೇಗ. ಹನ್ನೆರಡು ಮಂದಿ ಸಂಗೀತಗಾರರು, ಹನ್ನೆರಡು ಮಂದಿ ಸಂಗೀತ ಕಲಿಯದವರು. ಕೇಳಿಸಿದ್ದು ಆರು ಬಗೆ, ಅದರಲ್ಲಿ ನಮ್ಮ ಸಿತಾರಿನ ರಾಗವೂ ಒಂದು. ಚುರುಕಿನ ಸಂಗೀತಕ್ಕೆ ಉಸಿರು, ಹೃದಯ, ಒತ್ತಡ ಎಲ್ಲ ಏರಿದವು, ಕೇಳುಗನಿಗೆ ಆ ಸಂಗೀತ ಇಷ್ಟವೋ ಇಲ್ಲವೋ ಎಂಬುದು ಅಷ್ಟು ಮುಖ್ಯವಾಗಲಿಲ್ಲ. ಬರ್ನಾರ್ಡಿ ನಡುವೆ ಎಲ್ಲೋ ಒಂದು ಕಡೆ ಎರಡು ನಿಮಿಷ ಸಂಗೀತ ನಿಲ್ಲಿಸಿ ಸುಮ್ಮನೆ ಬಿಟ್ಟಿದ್ದರು. ಮೈ ಹೆಚ್ಚು ಸಡಿಲವಾದದ್ದು ಆ ಎರಡು ನಿಮಿಷಗಳಲ್ಲಿ! ಸಂಗೀತ ಶುರುವಾಗುವ ಮೊದಲು ಇದ್ದುದಕ್ಕಿಂತಲೂ ಆಗ ಹೃದಯ ಬಡಿತ, ರಕ್ತದೊತ್ತಡ ಕೆಳಗಿಳಿದವು. ಸಂಗೀತ ಮೈಯನ್ನು ಹಿಡಿದು ಬಿಡುತ್ತದೆ. ಬಿಟ್ಟಾಗ ಆಗುವ ಇಳಿತ, ಹಿಡಿಯದೇ ಇದ್ದಾಗ ಆಗುವ ಇಳಿತಕ್ಕಿಂತ ಆಳವಾದದ್ದು. ನನ್ನ ಓದಿನಲ್ಲಿ ಈ ಕ್ಷೇತ್ರದ ಅತ್ಯಂತ ಚಂದದ ಫಲಿತಾಂಶ ಇದೇ, ಹೆಡ್‌ಫೋನಿನಲ್ಲಿ ಎಂಟು ಗಂಟೆ ನಿಲ್ಲದೆ ಹಾಡುವ ರೆಕಾರ್ಡು ಮಾರುವವರು ಎಂದೂ ಎತ್ತದ ಮಾತೂ ಇದೇ.

ಇನ್ನೊಂದು ಪ್ರಯೋಗ ಹಾಡಿನ ಅಭಿಮಾನಿಗಳಿಗೆ ಸ್ವಲ್ಪ ಕಹಿ. ಸ್ವಿಟ್ಜರ್ಲೆಂಡಿನಲ್ಲಿ 60 ಮಂದಿ ಹೆಂಗಸರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಶಾಂತವಾದ ಚರ್ಚ್ ಸಂಗೀತ, ಇನ್ನೊಂದಕ್ಕೆ ಹರಿಯುವ ನೀರಿನ ಸದ್ದು, ಮೂರನೆಯದಕ್ಕೆ ಏನೂ ಇಲ್ಲ. ಅದಾದ ಮೇಲೆ ಎಲ್ಲರನ್ನೂ ಗಟ್ಟಿ ಮುಖದ ತೀರ್ಪುಗಾರರ ಎದುರು ನಿಲ್ಲಿಸಿ ಭಾಷಣ ಮಾಡಿಸಿ, ಬಾಯಿಲೆಕ್ಕ ಹೇಳಿಸಿದರು. ಯಾರ ಎದೆಯಾದರೂ ಡವಗುಟ್ಟುವ ಪರೀಕ್ಷೆ. ಒತ್ತಡ ಬಂದಾಗ ಮೂತ್ರಪಿಂಡದ ಮೇಲೆ ಕೂತಿರುವ ಪುಟ್ಟ ಗ್ರಂಥಿ ಕಾರ್ಟಿಸಾಲ್ ಎಂಬ ರಸ ಬಿಡುತ್ತದೆ, ಜೊಲ್ಲಿನಲ್ಲೂ ಅದನ್ನು ಅಳೆಯಬಹುದು. ಎಲ್ಲಕ್ಕಿಂತ ಕಡಿಮೆ ಕಾರ್ಟಿಸಾಲ್ ಕಂಡದ್ದು ನೀರಿನ ಸದ್ದು ಕೇಳಿದವರಲ್ಲಿ. ಸಂಗೀತ ಕೇಳಿದವರಲ್ಲಿ ಎಲ್ಲಕ್ಕಿಂತ ಹೆಚ್ಚು! ಆದರೆ ಪರೀಕ್ಷೆ ಮುಗಿದ ಮೇಲೆ ನರಗಳು ಬೇಗ ಹಳೆಯ ಸ್ಥಿತಿಗೆ ಮರಳಿದ್ದು ಸಂಗೀತದ ಗುಂಪಿನಲ್ಲಿ. 2013ರ ಈ ವರದಿಯನ್ನು ನಾನು ಹೀಗೆ ಓದಿಕೊಳ್ಳುತ್ತೇನೆ: ಹಾಡು ಬರುವ ಪೆಟ್ಟನ್ನು ತಡೆಯುವುದಿಲ್ಲ, ಪೆಟ್ಟು ಬಿದ್ದ ಮೇಲೆ ಚೇತರಿಸಿಕೊಳ್ಳಲು ಕೈ ಕೊಡುತ್ತದೆ. ಅಂದಹಾಗೆ ಭೈರವಾನಿತಿಪ್ಪ ಅಣೆಕಟ್ಟು ಗುಮ್ಮಘಟ್ಟ ಮಂಡಲದಲ್ಲೇ ಇದೆ, ಕಟ್ಟಿರುವುದು ವೇದಾವತಿಗೆ, ಅಂದರೆ ನಮ್ಮ ಹಗರಿಗೆ. ಮೇಲೆ ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ 1907ರಿಂದಲೂ ಅದೇ ನದಿಗೆ ವಾಣಿವಿಲಾಸ ಸಾಗರದ ಅಡ್ಡಗಟ್ಟೆ ಇದೆ. ಆದ್ದರಿಂದ ನಮ್ಮ ಕಡೆ ಹರಿಯುವ ನೀರಿನ ಸದ್ದು ಕೇಳಿಸಿಕೊಂಡು ಕಾರ್ಟಿಸಾಲ್ ಇಳಿಸಿಕೊಳ್ಳುವ ಯೋಗ ವರ್ಷವರ್ಷವೂ ಬರುವುದಲ್ಲ. ಹಗರಿಯಲ್ಲಿ ನೀರು ಬಂತು ಅಂದರೆ ಜನ ನೋಡಲು ಹೋಗುವುದು ಬರೀ ಸದ್ದಿಗಲ್ಲ ಅನ್ನುವುದು ಬೇರೆ ಮಾತು.

ಪ್ರಯೋಗಾಲಯದ ಸಂಗೀತಕ್ಕೂ ನಮ್ಮೂರಿನ ಸಂಗೀತಕ್ಕೂ ಒಂದು ದೊಡ್ಡ ಅಂತರವಿದೆ. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ವಾದ್ಯ ಸಂಗೀತ ಆರಿಸುತ್ತಾರೆ. ಮಾತು ಸೇರಿದರೆ ಮೆದುಳಿನ ಭಾಷೆಯ ಕೆಲಸವೂ ಶುರುವಾಗಿ, ಯಾವುದು ಸ್ವರದ್ದು ಯಾವುದು ಅರ್ಥದ್ದು ಎಂದು ಬಿಡಿಸುವುದು ಕಷ್ಟ. ಕೇಳುವವನು ಅಲುಗಾಡಬಾರದು. ಬಾಯಿ ಬಿಡಲೇಬಾರದು, ದವಡೆಯ ಸ್ನಾಯುವಿನ ಕರೆಂಟು ಮೆದುಳಿನ ಕರೆಂಟನ್ನು ನುಂಗಿಹಾಕುತ್ತದೆ. ಅಂದರೆ ಯಂತ್ರಕ್ಕೆ ಅನುಕೂಲವಾದ ಸಂಗೀತವನ್ನು ಯಂತ್ರ ಅಳೆಯುತ್ತದೆ. ರಾಯದುರ್ಗ, ಗುಮ್ಮಘಟ್ಟ, ಆ ಕಡೆ ಮಡಕಶಿರಾ, ಈ ಕಡೆ ಮೊಳಕಾಲ್ಮುರು, ಚಳ್ಳಕೆರೆ, ಎಲ್ಲಿ ನೋಡಿದರೂ ಸಂಗೀತ ಅಂದರೆ ಕೂತು ಕೇಳುವ ವಸ್ತುವಲ್ಲ. ಭಜನೆಯಲ್ಲಿ ಒಂದು ಪದ ಕನ್ನಡದ್ದಾದರೆ ಇನ್ನೊಂದು ತೆಲುಗಿನದು. ಒಬ್ಬ ಎತ್ತಿಕೊಡುತ್ತಾನೆ, ಉಳಿದವರು ಹಿಡಿಯುತ್ತಾರೆ, ತಾಳ ಕೈಯಲ್ಲಿ, ತೂಗಾಟ ಮೈಯಲ್ಲಿ. ತತ್ವಪದದಲ್ಲಿ ಮಾತನ್ನು ತೆಗೆದರೆ ಉಳಿಯುವುದೇನು? ಮದುವೆ ಮನೆಯ ಸೋಬಾನೆ, ಕೋಲಾಟದ ಪದ, ಕಳೆ ತೆಗೆಯುವ ಸಾಲಿನಲ್ಲಿ ಹುಟ್ಟುವ ಹಾಡು, ಒಂದಕ್ಕೂ ಒರಗುವ ಕುರ್ಚಿ ಬೇಕಿಲ್ಲ. ಕಾಡುಗೊಲ್ಲರ ಜುಂಜಪ್ಪನ ಗಣೆ ಮೂರಡಿಯಷ್ಟು ಉದ್ದದ ಕೊಳಲು; ಅದು ಶಾಂತವಾಗಿ ಕೇಳಿಸುತ್ತದೆ ನಿಜ, ಆದರೆ ಅದರ ಸುತ್ತ ಒಂದು ದೇವರ ಕತೆ, ಒಂದು ಸಮುದಾಯದ ಇಡೀ ರಾತ್ರಿ ಇದೆ.

ಇನ್ನು ಉರುಮೆ ಎಂಬ ಚರ್ಮವಾದ್ಯ. ಜಾತ್ರೆಯಲ್ಲಿ ದೇವರು ಹೊರಡುವಾಗ ಉರುಮೆಯ ಸದ್ದಿಗೆ ಎದೆಯ ಗೂಡೇ ನಡುಗುತ್ತದೆ. ಅಲ್ಲಿ ಯಾರ ರಕ್ತದೊತ್ತಡವೂ ಇಳಿಯುವುದಿಲ್ಲ, ಇಳಿಯಬೇಕೆಂದು ಯಾರೂ ಬಡಿಯುವುದೂ ಇಲ್ಲ. ಬರ್ನಾರ್ಡಿಯ ಲೆಕ್ಕದಲ್ಲಿ ಅದು ಏರಿಸುವ ಸಂಗೀತ. ಹಾಗೆಂದು ಜಾತ್ರೆ ಮುಗಿಸಿ ಬಂದವರು ಹಗುರಾಗಿಲ್ಲ ಎಂದು ಹೇಳಲು ಯಾರಿಗೆ ಧೈರ್ಯವಿದೆ? ಸಂಗೀತವೆಂದರೆ ಶಾಂತಿ, ಶಾಂತಿಯೆಂದರೆ ಆಲ್ಫಾ ಎಂದು ಒಂದೇ ಗೀಟು ಎಳೆದರೆ ಉರುಮೆ ಬಾರಿಸುವವರು ಆ ಗೀಟಿನ ಹೊರಗೇ ಉಳಿಯುತ್ತಾರೆ. ಹಗುರಾಗುವುದಕ್ಕೆ ಇಳಿಯುವ ದಾರಿ ಒಂದೇ ಅಲ್ಲ, ಏರಿ ಇಳಿಯುವ ದಾರಿಯೂ ಇದೆ.

ಹಾಡಿಕೊಳ್ಳುವುದರಲ್ಲಿ ಉಸಿರಿನದೊಂದು ಗುಟ್ಟಿದೆ. ಅದನ್ನೂ ಅಳೆದವರು ಬರ್ನಾರ್ಡಿಯೇ, 2001ರಲ್ಲಿ. ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ಟಿಬೆಟಿನ ಬೌದ್ಧರ ಮಂತ್ರವನ್ನೂ ಗಟ್ಟಿಯಾಗಿ ಹೇಳಿಸಿ ನೋಡಿದರು. ಎರಡರಲ್ಲೂ ಉಸಿರಾಟ ತಾನಾಗಿ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ನಾವು ಸುಮ್ಮನೆ ಕೂತಾಗ ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಲ ಉಸಿರಾಡುತ್ತೇವೆ. ಆರರ ಲಯಕ್ಕೆ ಬಂದಾಗ ಹೃದಯ ಬಡಿತದ ಏರಿಳಿತವೂ ರಕ್ತದೊತ್ತಡದ ಏರಿಳಿತವೂ ಒಂದಕ್ಕೊಂದು ಹೊಂದಿಕೊಂಡು ನಡೆಯುತ್ತವೆ. ಒತ್ತಡ ಹೆಚ್ಚಿದರೆ ಹೃದಯವನ್ನು ನಿಧಾನಿಸುವ ನರಗಳ ಏರ್ಪಾಟು ಚುರುಕಾಗುತ್ತದೆ. ಉದ್ದ ಸಾಲಿನ ಭಜನೆ ಪದವನ್ನು ಒಂದೇ ಉಸಿರಿನಲ್ಲಿ ಮುಗಿಸಿ, ಹಿಂದಿನವರು ಹಿಡಿದಾಗ ಉಸಿರು ತೆಗೆದುಕೊಳ್ಳುವವರನ್ನು ನೋಡಿ. ಸಾಲು ಉದ್ದ, ಉಸಿರು ಬಿಡುವುದು ನಿಧಾನ, ತೆಗೆದುಕೊಳ್ಳುವುದು ಚುಟುಕು. ವೈದ್ಯರು ಹೇಳಿಕೊಡುವ ಉಸಿರಾಟದ ಅಭ್ಯಾಸಕ್ಕೂ ಇದಕ್ಕೂ ಲೆಕ್ಕದಲ್ಲಿ ಹೆಚ್ಚು ದೂರವಿಲ್ಲ. ಕೇಳಿ ಸಿಗುವ ಲಾಭಕ್ಕಿಂತ ಹಾಡಿ ಸಿಗುವ ಲಾಭ ದೊಡ್ಡದಿರಬೇಕು ಎಂಬುದು ನನ್ನ ಅನುಮಾನ. ಮೆದುಳಿನ ಯಂತ್ರಕ್ಕೆ ಹಾಡುವ ಬಾಯಿ ಶತ್ರುವಾದ್ದರಿಂದ ಈ ಪ್ರಶ್ನೆಯ ಕಡೆ ಇಇಜಿ ನೋಡಿದ್ದು ಕಡಿಮೆ.

ಮೊಬೈಲಿನಲ್ಲಿ ಮಾರುವ ತರಂಗಗಳ ಬಗ್ಗೆ ಎರಡೇ ಮಾತು. ಬಲಗಿವಿಗೆ ಒಂದು ಸ್ವರ, ಎಡಗಿವಿಗೆ ಅದಕ್ಕಿಂತ ಸೆಕೆಂಡಿಗೆ ಹತ್ತು ಕಂಪನ ಹೆಚ್ಚಾದ ಇನ್ನೊಂದು ಸ್ವರ ಕೊಟ್ಟರೆ, ತಲೆಯೊಳಗೆ ಹತ್ತರ ಮಿಡಿತ ಕೇಳಿದ ಹಾಗಾಗುತ್ತದೆ. ಇದು ನಿಜ, ಹತ್ತೊಂಬತ್ತನೆಯ ಶತಮಾನದಲ್ಲೇ ಜರ್ಮನಿಯ ಡೋವೆ ಇದನ್ನು ಕಂಡಿದ್ದ. ಆ ಮಿಡಿತಕ್ಕೆ ಮೆದುಳಿನ ಆಲ್ಫಾ ಹೆಜ್ಜೆ ಹಾಕಿ ಚಿಂತೆ ಕರಗುತ್ತದೆ ಎಂಬುದು ವ್ಯಾಪಾರದ ಮಾತು. ಪ್ರಯೋಗಗಳು ಒಂದು ಹೌದೆಂದರೆ ಇನ್ನೊಂದು ಇಲ್ಲವೆಂದಿವೆ. ಕೇಳಿದರೆ ಕೆಡುಕಿಲ್ಲ. ದುಡ್ಡು ಕೊಟ್ಟು ಕೇಳಬೇಕಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಕಂಪ್ಯೂಟರಿನ ಭರವಸೆ. 2012ರಲ್ಲಿ ಯುರೋಪಿನ ಸಂಶೋಧಕರು 32 ಮಂದಿಗೆ ಒಂದೊಂದು ನಿಮಿಷದ 40 ಹಾಡಿನ ವಿಡಿಯೋ ತೋರಿಸಿ, ಇಇಜಿ ದಾಖಲಿಸಿ, ಅದನ್ನು ಲೋಕಕ್ಕೆಲ್ಲ ತೆರೆದಿಟ್ಟರು. ಅಂದಿನಿಂದ ಆ ದಾಖಲೆಯ ಮೇಲೆ ಕಂಪ್ಯೂಟರಿಗೆ ಪಾಠ ಹೇಳಿ, ಗೀಟು ನೋಡಿ ಮನಸ್ಸಿನ ಭಾವ ಹೇಳಿಸುವ ಲೇಖನಗಳ ಮಳೆ ಸುರಿದಿದೆ. ನೂರಕ್ಕೆ ತೊಂಬತ್ತಕ್ಕೂ ಮೇಲೆ ಸರಿ ಹೇಳುತ್ತದೆ ಎನ್ನುವವರು ಬೇಕಾದಷ್ಟು. ಅಲ್ಲಿ ಕೇಳಬೇಕಾದ್ದು ಒಂದೇ: ಪಾಠಕ್ಕೆ ಬಳಸಿದ ತಲೆಗಳೂ ಪರೀಕ್ಷೆಗೆ ಬಳಸಿದ ತಲೆಗಳೂ ಬೇರೆ ಬೇರೆಯೋ? ಒಬ್ಬನ ಒಂದು ನಿಮಿಷದ ದಾಖಲೆಯನ್ನೇ ಚೂರು ಮಾಡಿ ಅರ್ಧ ಪಾಠಕ್ಕೆ, ಅರ್ಧ ಪರೀಕ್ಷೆಗೆ ಕೊಟ್ಟರೆ ಅಂಕ ಬರದೆ ಏನು? ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕ ಹುಡುಗನೂ ತೊಂಬತ್ತು ತೆಗೆಯುತ್ತಾನೆ. ಹೊಸ ಮನುಷ್ಯನ ತಲೆ ಕೊಟ್ಟಾಗ ಆ ಅಂಕ ಬಹಳ ಇಳಿಯುತ್ತದೆ. ಒಬ್ಬೊಬ್ಬರ ಆಲ್ಫಾದ ಎತ್ತರ, ವೇಗ ಬೇರೆ ಬೇರೆ. ಬುರುಡೆಯ ದಪ್ಪವೂ ಬೇರೆ ಬೇರೆ. ರಾಯದುರ್ಗದ ಗಾರ್ಮೆಂಟ್ಸ್‌ನಲ್ಲಿ ಹಗಲಿಡೀ ಜೀನ್ಸ್ ಹೊಲಿದು ಬಂದ ಹೆಣ್ಣುಮಗಳ ತಲೆಯೂ ಯುರೋಪಿನ ಕಾಲೇಜು ಹುಡುಗನ ತಲೆಯೂ ಒಂದೇ ಪಾಠಕ್ಕೆ ಬಗ್ಗುತ್ತವೆ ಎಂದು ನಂಬಲು ನಾನು ತಯಾರಿಲ್ಲ.

ಒತ್ತಡ ಅನ್ನುವುದು ನಮ್ಮ ಕಡೆ ಎಲ್ಲಿಂದ ಬರುತ್ತದೆ ಅನ್ನುವುದನ್ನು ಮರೆತು ಈ ಮಾತು ಆಡಿದರೆ ಅದು ಅನ್ಯಾಯ. ಅನಂತಪುರದ ಸೀಮೆ ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಾಗಗಳಲ್ಲಿ ಒಂದು. ಶೇಂಗಾ ಬಿತ್ತಿ ಮುಗಿಲು ನೋಡುವುದು, ಬೋರು ಕೊರೆಸಿ ನೀರು ಸಿಗದೆ ಸಾಲ ಉಳಿಯುವುದು, ದುಡಿಯಲು ಬೆಂಗಳೂರಿಗೆ ಹೋದ ಮಕ್ಕಳ ಫೋನಿಗೆ ಕಾಯುವುದು, ಇದ್ಯಾವುದಕ್ಕೂ ಮಾಲಕೌಂಸ್ ಉತ್ತರವಲ್ಲ. ಸಾಲದ ಕಾಗದ ರಾಗ ಕೇಳಿ ಕರಗುವುದಿಲ್ಲ. ಇಇಜಿ ಹೇಳುವುದು ಆ ಹೊತ್ತಿನ ಮೈಯ ಸ್ಥಿತಿಯನ್ನು, ಆ ಸ್ಥಿತಿಯ ಕಾರಣವನ್ನಲ್ಲ. ವಾರಗಟ್ಟಲೆ ನಿದ್ದೆ ಬಾರದವರಿಗೆ, ಬದುಕೇ ಬೇಡ ಅನ್ನಿಸುವವರಿಗೆ ಹಾಡು ಕೇಳು ಎಂದು ಹೇಳಿ ಕಳಿಸುವುದು ಸಲಹೆಯಲ್ಲ. ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಹಗಲು ರಾತ್ರಿ ಯಾವಾಗ ಬೇಕಾದರೂ, ದುಡ್ಡಿಲ್ಲದೆ ಮಾತಾಡಬಹುದಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ಇದೆ, ನಂಬರು 14416. ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡುತ್ತಾರೆ. ಅದರ ಕೆಲಸ ನೋಡಿಕೊಳ್ಳುವ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸೇ.

ಹಾಗಿದ್ದರೆ ಏನು ಮಾಡಬಹುದು? ಇಇಜಿ ಈಗ ಚೀಲದಲ್ಲಿ ಹೊತ್ತು ತರುವಷ್ಟು ಚಿಕ್ಕದಾಗಿದೆ, ತಂತಿಯಿಲ್ಲದ ಟೋಪಿಗಳು ಬಂದಿವೆ. ಯಾರಾದರೂ ಸಂಶೋಧಕರು ಅದನ್ನು ಗುಮ್ಮಘಟ್ಟದಂಥ ಕಡೆ ತಂದರೆ ನಾನು ಕೇಳಿಕೊಳ್ಳುವುದು ಹೀಗೆ. ಹಾಡುವಾಗ ಅಳೆಯಬೇಡಿ, ದವಡೆ ಬಿಡುವುದಿಲ್ಲ. ಹಾಡುವ ಮೊದಲು, ಹಾಡು ನಿಂತ ಮೇಲೆ ಅಳೆಯಿರಿ, ನಿಂತ ಮೇಲಿನ ಎರಡು ನಿಮಿಷ ವಿಶೇಷವಾಗಿ. ಟೋಪಿಯೊಂದನ್ನೇ ನಂಬದೆ ಉಸಿರು, ನಾಡಿ, ಜೊಲ್ಲು ಮೂರನ್ನೂ ಜೊತೆಗಿಡಿ. ಹಾಡನ್ನು ನೀವು ಆರಿಸಿಕೊಂಡು ತರಬೇಡಿ, ಹಾಡುವವರೇ ಆರಿಸಲಿ. ನಾಲ್ಕು ಗುಂಪು ಇರಲಿ. ಒಂದು ಗುಂಪು ಭಜನೆ ಹಾಡಲಿ. ಒಂದು ಗುಂಪು ಅದೇ ಭಜನೆಯನ್ನು ಮೊಬೈಲಿನಲ್ಲಿ ಕೇಳಲಿ. ಒಂದು ಗುಂಪು ಕಟ್ಟೆಯ ಮೇಲೆ ಕೂತು ಎಂದಿನಂತೆ ಹರಟೆ ಹೊಡೆಯಲಿ. ಇನ್ನೊಂದು ಗುಂಪು ಕಣ್ಣು ಮುಚ್ಚಿ ಅಷ್ಟೇ ಹೊತ್ತು ಸುಮ್ಮನೆ ಕೂರಲಿ. ಕೊನೆಯ ಗುಂಪಿಗೆ ಜನ ಸಿಗುವುದೇ ಕಷ್ಟ. ಸಂಜೆ ಹೊತ್ತು ಏನೂ ಮಾಡದೆ ಕೂರು ಅಂದರೆ ನಮ್ಮಲ್ಲಿ ಯಾರೂ ಕೂರುವುದಿಲ್ಲ, ಕೂತವರನ್ನು ಪಕ್ಕದವರು ಮಾತಾಡಿಸದೆ ಬಿಡುವುದೂ ಇಲ್ಲ. ಅದಕ್ಕೆ ಬೇಕಾದರೆ ಸಂಶೋಧಕರೇ ಕೂರಲಿ.

ಯಾವ ಗುಂಪು ಗೆಲ್ಲುತ್ತದೆ ಎಂದು ಪಂದ್ಯ ಕಟ್ಟು ಅಂದರೆ, ಸಂಗೀತದ ಬಗ್ಗೆ ಇಷ್ಟು ಹೊತ್ತು ಮಾತಾಡಿದ ನಾನು ಭಜನೆಯ ಕಡೆ ಕಟ್ಟಬೇಕು. ಕಟ್ಟುತ್ತೇನೆ. ಆದರೆ ಕಟ್ಟೆಯ ಹರಟೆಯವರು ಬಹಳ ಹತ್ತಿರದಲ್ಲಿ ಬರುತ್ತಾರೆ ಎಂಬ ಅಳುಕು ಇದ್ದೇ ಇದೆ.